ಲಕ್ಷದ ತೊಂಬತ್ತಾರು ಸಾವಿರ: ಒಂದು ಸಂಖ್ಯಾವಿಚಾರ

೧

ಕಲ್ಯಾಣದ ಶರಣಸಮೂಹವನ್ನು ಕುರಿತು ಹೇಳುವಾಗ ನಮ್ಮ ಪುರಾಣಕಾರರೂ ಪ್ರವಚನಕಾರರೂ ತಪ್ಪದೆ ಉಚ್ಚರಿಸುವ ಸಂಖ್ಯೆಯೊಂದುಂಟು. ಅದು ಒಂದು ಲಕ್ಷದ ತೊಂಬತ್ತಾರು ಸಾವಿರ. ಬಸವಣ್ಣನವರ ಮಹಾಮನೆಯಲ್ಲಿ ನಿತ್ಯವೂ ಇಷ್ಟು ಮಂದಿ ಜಂಗಮರಿಗೆ ದಾಸೋಹ ಸಲ್ಲುತ್ತಿದ್ದಿತೆಂಬುದು ಪರಂಪರೆಯಿಂದ ಬಂದ ಮಾತು. ಅರುವತ್ತುಮೂವರು ಪುರಾತನರು, ಅನುಭವಮಂಟಪದ ಏಳುನೂರ ಎಪ್ಪತ್ತು ಅಮರಗಣಂಗಳು, ಪ್ರೌಢದೇವರಾಯನ ಕಾಲದ ನೂರೊಂದು ವಿರಕ್ತರು ಎಂಬ ಸಂಖ್ಯೆಗಳೂ ಹೀಗೆಯೇ ನಮ್ಮ ನಾಲಗೆಯ ಮೇಲೆ ನಿಂತಿವೆ. ಇವುಗಳಲ್ಲೆಲ್ಲ ದೊಡ್ಡದಾದ ಲಕ್ಷದ ತೊಂಬತ್ತಾರು ಸಾವಿರದ ವಿಷಯದಲ್ಲಿ ಮಾತ್ರ ಎರಡು ಬಗೆಯ ಅವಸರ ಕಂಡುಬರುತ್ತದೆ. ಭಕ್ತಿಯುಳ್ಳವರು ಅದನ್ನು ಜನಗಣತಿಯ ಅಂಕಿಯೆಂಬಂತೆ ಸಮರ್ಥಿಸಲು ಹೊರಡುತ್ತಾರೆ. ಸಂಶಯವುಳ್ಳವರು ಅದೊಂದನ್ನೇ ಹಿಡಿದು, ಸಂಖ್ಯೆ ಅಸಂಭವವಾದ ಕಾರಣ ಕಲ್ಯಾಣದ ಕಥೆಯೆಲ್ಲವೂ ಕಲ್ಪಿತವೆಂದು ತೀರ್ಮಾನಿಸುತ್ತಾರೆ. ಈ ಎರಡೂ ನಿಲುವುಗಳು ಒಂದೇ ತಪ್ಪು ಗ್ರಹಿಕೆಯಿಂದ ಹುಟ್ಟಿದವೆಂಬುದು ಈ ಲೇಖನದ ಅಭಿಪ್ರಾಯ.

ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಿನ ಶಾಲೆಗಳಲ್ಲಿ ಗಣಿತವನ್ನೂ ಕನ್ನಡವನ್ನೂ ಕಲಿಸಿದ ನನಗೆ ಬಸವಜಯಂತಿ ಬಂದಾಗಲೆಲ್ಲ ಯಾವನಾದರೊಬ್ಬ ಹುಡುಗ ಕೇಳುತ್ತಿದ್ದ ಪ್ರಶ್ನೆಯೊಂದಿದೆ: “ಅಷ್ಟೂ ಮಂದೀನ ಎಣಿಸಿದವರು ಯಾರ್ರೀ ಸರ?” ಇದನ್ನು ಉದ್ಧಟತನವೆಂದು ಗದರಿಸುವುದು ಸುಲಭ. ಆದರೆ ಇತಿಹಾಸದ ಅಭ್ಯಾಸಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಗಣ, ಗಣನೆ, ಗಣಿತ ಎಂಬ ಮೂರು ಶಬ್ದಗಳೂ ಎಣಿಸುವುದೆಂಬ ಅರ್ಥದ ಒಂದೇ ಧಾತುವಿನಿಂದ ಬಂದವು. ಗಣಂಗಳನ್ನು ಕುರಿತ ಸಂಖ್ಯೆಯನ್ನು ಗಣಿತದ ಒರೆಗಲ್ಲಿಗೆ ಹಚ್ಚಿದರೆ ಅಪಚಾರವೇನೂ ಆಗಲಾರದು.

೨

ಪ್ರಾಚೀನರ ಸಂಖ್ಯೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಅವರು ಸಂಖ್ಯೆಯನ್ನು ಹೇಗೆ ಬಳಸುತ್ತಿದ್ದರೆಂಬುದನ್ನು ಮೊದಲು ತಿಳಿಯಬೇಕು. ಇದಕ್ಕೆ ನಮ್ಮ ನೆಲದ ಶಾಸನಗಳೇ ಸಾಕ್ಷಿ. ಅಣ್ಣಿಗೇರಿ, ಲಕ್ಕುಂಡಿಗಳನ್ನು ಒಳಗೊಂಡ ಎರೆಯ ಸೀಮೆ ಶಾಸನಗಳಲ್ಲಿ ಬೆಳ್ವೊಲ-೩೦೦ ಎನಿಸಿದೆ. ಗಜೇಂದ್ರಗಡದ ಸಮೀಪದ ಸೂಡಿ ಸೇರಿದ್ದುದು ಕಿಸುಕಾಡು-೭೦ಕ್ಕೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಸಹೋದರಿ ಅಕ್ಕಾದೇವಿ ಈ ಕಿಸುಕಾಡನ್ನು ಆಳಿದಳು. ಸೂಡಿಯಲ್ಲಿ ಟಂಕಸಾಲೆಯಿದ್ದಿತು, ಅಲ್ಲಿ ನಾಣ್ಯಗಳು ತಯಾರಾಗುತ್ತಿದ್ದವು. ಇನ್ನೂ ದೂರ ಹೋದರೆ ಬನವಾಸಿ-೧೨,೦೦೦, ನೊಳಂಬವಾಡಿ-೩೨,೦೦೦, ಗಂಗವಾಡಿ-೯೬,೦೦೦. ಹನ್ನೆರಡು, ಎಪ್ಪತ್ತು, ಮುನ್ನೂರು ಎಂಬ ಚಿಕ್ಕ ಸಂಖ್ಯೆಗಳು ಗ್ರಾಮಗಳ ಎಣಿಕೆಯೆಂಬುದನ್ನು ಬಹುಮಟ್ಟಿಗೆ ಎಲ್ಲರೂ ಒಪ್ಪುತ್ತಾರೆ. ಆದರೆ ಸಾವಿರಗಳ ಸಂಖ್ಯೆಗಳು ಗ್ರಾಮಗಳವೋ ಆದಾಯದವೋ ಎಂಬುದರಲ್ಲಿ ಫ್ಲೀಟ್, ರೈಸ್ ಮೊದಲಾದವರ ಕಾಲದಿಂದಲೂ ಭಿನ್ನಾಭಿಪ್ರಾಯವಿದೆ. ಅಂತೂ ಒಂದು ಸಂಗತಿ ಸ್ಪಷ್ಟ. ಚಿಕ್ಕ ಸಂಖ್ಯೆ ಎಣಿಕೆಯಿಂದ ಹುಟ್ಟುತ್ತದೆ. ದೊಡ್ಡ ಸಂಖ್ಯೆ ಕಾಲಕ್ರಮದಲ್ಲಿ ನಾಡಿನ ಹೆಸರಿನ ಭಾಗವೇ ಆಗಿ, ಎಣಿಕೆಯ ಹಂಗನ್ನು ಕಳೆದುಕೊಳ್ಳುತ್ತದೆ.

ನರಗುಂದ ತಾಲೂಕಿನ ಕೊಣ್ಣೂರಿನ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನು ತನ್ನ ದಂಡನಾಯಕ ಬಂಕೆಯನ ಬಿನ್ನಪದ ಮೇರೆಗೆ ಅಲ್ಲಿಯ ಜಿನಾಲಯಕ್ಕೆ ಶಕ ೭೮೨ರಲ್ಲಿ, ಎಂದರೆ ಕ್ರಿ.ಶ. ೮೬೦ರಲ್ಲಿ, ಕೊಟ್ಟ ದಾನವನ್ನು ಅದು ಹೇಳುತ್ತದೆ. ಕಲ್ಲಿನ ಮೇಲೆ ಈಗಿರುವುದು ಕೆಲವು ಶತಮಾನಗಳ ಅನಂತರ ಕೆತ್ತಿದ ಪ್ರತಿ. ಅದರಲ್ಲಿ ಬಂಕೆಯನು ಬನವಾಸಿ ಮೊದಲಾದ ಮೂವತ್ತು ಸಾವಿರ ಗ್ರಾಮಗಳ ಒಡೆಯನೆನಿಸಿದ್ದಾನೆ. ಇದೇ ಬಂಕೆಯನ ಆಳಿಕೆಯನ್ನು ನಿಡಗುಂದಿಯ ಶಾಸನವು ಬಿಡಿಬಿಡಿಯಾಗಿ ಹೇಳುತ್ತದೆ: ಬನವಾಸಿ ೧೨,೦೦೦, ಬೆಳ್ಗಲಿ ೩೦೦, ಕುಂದರಗೆ ೭೦, ಕುಂದೂರು ೫೦೦, ಪುರಿಗೆರೆ ೩೦೦. ಕೂಡಿಸಿ ನೋಡಿದರೆ ೧೩,೧೭೦. ಮೂವತ್ತು ಸಾವಿರದ ಅರ್ಧಕ್ಕೂ ಇದು ಮುಟ್ಟುವುದಿಲ್ಲ. ಇದರಿಂದ ಬಂಕೆಯನೆಂಬವನು ಇರಲೇ ಇಲ್ಲವೆಂದು ಯಾವ ಇತಿಹಾಸಕಾರನೂ ಹೇಳಿಲ್ಲ. ಮೊದಲನೆಯ ಶಾಸನ ಪ್ರಶಸ್ತಿಯ ಭಾಷೆಯಲ್ಲಿ ಮಾತನಾಡುತ್ತದೆ, ಎರಡನೆಯದು ಆಡಳಿತದ ಭಾಷೆಯಲ್ಲಿ ಮಾತನಾಡುತ್ತದೆ ಎಂದು ತಿಳಿದು ಮುಂದೆ ಸಾಗುತ್ತಾರೆ.

ಜನಸಮುದಾಯಗಳ ಹೆಸರುಗಳಲ್ಲಿಯೂ ಇದೇ ಕ್ರಮವಿದೆ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕಸಂಘ ಕರ್ನಾಟಕದಲ್ಲಷ್ಟೇ ಅಲ್ಲದೆ ತಮಿಳುನಾಡಿನಲ್ಲಿಯೂ ಹರಡಿ ಶತಮಾನಗಳ ಕಾಲ ಬಾಳಿತು. ಅದರ ಸದಸ್ಯರು ಎಷ್ಟೇ ಹೆಚ್ಚಿರಲಿ ಕಡಿಮೆಯಿರಲಿ, ಸಂಘದ ಹೆಸರು ಐನೂರ್ವರೆಂದೇ ಉಳಿಯಿತು. ಲಕ್ಕುಂಡಿಯ ಮಹಾಜನರು ಸಾಸಿರ್ವರೆನಿಸಿಕೊಂಡರು. ಪ್ರತಿವರ್ಷವೂ ಎಣಿಸಿ ಸಾವಿರಕ್ಕೆ ಸರಿಮಾಡುತ್ತಿದ್ದರೆಂದು ಇದರ ಅರ್ಥವಲ್ಲ. ಇಲ್ಲಿ ಸಂಖ್ಯೆಯೇ ಸಂಘದ ನಾಮಧೇಯ.

೩

ಹಾಗಾದರೆ ನಮ್ಮ ಹಿರಿಯರಿಗೆ ದೊಡ್ಡ ಸಂಖ್ಯೆಗಳ ನಿಖರವಾದ ಲೆಕ್ಕ ಬರುತ್ತಿರಲಿಲ್ಲವೇ ಎಂಬ ಶಂಕೆ ಹುಟ್ಟಬಹುದು. ಕೊಣ್ಣೂರಿನ ಶಾಸನ ಹೆಸರಿಸುವ ಅದೇ ಅಮೋಘವರ್ಷನ ರಾಜ್ಯದಲ್ಲಿಯೇ ಇದಕ್ಕೆ ಉತ್ತರವಿದೆ. ಜೈನಾಚಾರ್ಯ ಮಹಾವೀರನು ಸುಮಾರು ಕ್ರಿ.ಶ. ೮೫೦ರಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ ಆ ಅರಸನ ಪ್ರಶಂಸೆಯೊಡನೆಯೇ ಆರಂಭವಾಗುತ್ತದೆ. ಸಂಗೀತ, ವೈದ್ಯ, ವಾಸ್ತುಗಳ ಜೊತೆಗೆ ಅಡುಗೆಯ ಶಾಸ್ತ್ರಕ್ಕೂ ಗಣಿತ ಬೇಕೆಂದು ಈ ಆಚಾರ್ಯ ಹೇಳಿದ್ದಾನೆ. ಏಕ, ದಶ, ಶತಗಳಿಂದ ಮೊದಲುಗೊಂಡು ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಅವನು ಹೆಸರು ಕೊಟ್ಟಿದ್ದಾನೆ. ಇವುಗಳಲ್ಲಿ ಲಕ್ಷವು ಆರನೆಯದು ಮಾತ್ರ. ಮದರಾಸಿನಲ್ಲಿ ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ ೨೦೦೦ದಲ್ಲಿ ಹೊಂಬುಜದಿಂದ ಹೊರಬಂದಿತು.

ಮಹಾವೀರನಿಗೆ ದೊಡ್ಡ ಸಂಖ್ಯೆಗಳೆಂದರೆ ಆಭರಣದಷ್ಟು ಪ್ರೀತಿ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಪದ್ಯವನ್ನು ಕಾವ್ಯಲಕ್ಷಣಕಾರರು ಗತಪ್ರತ್ಯಾಗತವೆನ್ನುತ್ತಾರೆ. ಅಂಥ ಗುಣವುಳ್ಳ ಸಂಖ್ಯೆಗಳು ಬರುವಂತೆ ಗುಣಾಕಾರದ ಲೆಕ್ಕಗಳನ್ನು ಅವನು ಹೆಣೆದಿದ್ದಾನೆ. ಕೊರಳಿನ ಹಾರದಲ್ಲಿ ಎರಡು ಬದಿಯ ಮಣಿಗಳು ಸರಿಸಮನಾಗಿರುವಂತೆ ಈ ಸಂಖ್ಯೆಗಳ ಅಂಕಿಗಳೂ ಇರುವುದರಿಂದ ಕೆಲವನ್ನು ಕಂಠಾಭರಣವೆಂದೇ ಕರೆದಿದ್ದಾನೆ. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೦೦೦೦೦೧. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವ ೧೨೩೪೫೬೫೪೩೨೧.

ಈ ಕೊನೆಯದರ ಮರ್ಮ ಸ್ವಾರಸ್ಯವಾದುದು. ೪೪೧ ಎಂಬುದು ೨೧ರ ವರ್ಗ, ೨೭೯೯೪೬೮೧ ಎಂಬುದು ೫೨೯೧ರ ವರ್ಗ. ೫೨೯೧ ಮತ್ತು ೨೧ರ ಗುಣಲಬ್ಧ ೧೧೧೧೧೧. ಆದುದರಿಂದ ಹಾರವೆನಿಸಿದ ಆ ಸಂಖ್ಯೆ ಆರು ಒಂದುಗಳ ವರ್ಗವಲ್ಲದೆ ಬೇರೆಯಲ್ಲ. ಆಚಾರ್ಯನು ಅದನ್ನು ಎರಡು ವರ್ಗಗಳಾಗಿ ಒಡೆದು, ಹೊರನೋಟಕ್ಕೆ ಏನೂ ಕಾಣದ ಅಂಕಿಗಳನ್ನು ಶಿಷ್ಯನ ಮುಂದಿಟ್ಟು, ಅವನ ಕೈಯಿಂದಲೇ ಹಾರವನ್ನು ಮಾಡಿಸುತ್ತಾನೆ.

ಈ ವಿದ್ಯೆ ಸಂಸ್ಕೃತದಲ್ಲಿಯೇ ನಿಲ್ಲಲಿಲ್ಲ. ಶರಣರ ಶತಮಾನವಾದ ಹನ್ನೆರಡರಲ್ಲಿಯೇ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳನ್ನು ಕನ್ನಡದಲ್ಲಿ ಬರೆದನು. ಲಕ್ಷವೆಂದರೆ ಎಷ್ಟೆಂಬುದನ್ನು ಅರಿಯದ ಕಾಲ ಅದಲ್ಲ.

೪

ಈ ಹಿನ್ನೆಲೆಯಲ್ಲಿ ನಮ್ಮ ಸಂಖ್ಯೆಯನ್ನೇ ಪರೀಕ್ಷಿಸೋಣ. ೧,೯೬,೦೦೦ ಎಂಬುದು ೧೪ರ ವರ್ಗವಾದ ೧೯೬ನ್ನು ೧೦ರ ಘನವಾದ ೧೦೦೦ದಿಂದ ಗುಣಿಸಿದ ಫಲ. ಅವಿಭಾಜ್ಯ ಸಂಖ್ಯೆಗಳಾಗಿ ಒಡೆದರೆ ೨ ಐದು ಸಲ, ೫ ಮೂರು ಸಲ, ೭ ಎರಡು ಸಲ ಬರುತ್ತವೆ. ಬೇರೆ ಅವಿಭಾಜ್ಯ ಸಂಖ್ಯೆ ಇದರಲ್ಲಿಲ್ಲ. ಆದುದರಿಂದ ಇದನ್ನು ನಿಃಶೇಷವಾಗಿ ಭಾಗಿಸುವ ಸಂಖ್ಯೆಗಳು, ೧ನ್ನೂ ಇದನ್ನೂ ಸೇರಿಸಿ, ಸರಿಯಾಗಿ ೭೨. ಪಂಕ್ತಿಯಲ್ಲಿ ಕುಳ್ಳಿರಿಸುವ ದೃಷ್ಟಿಯಿಂದ ನೋಡಿದರೆ ಇದು ಅನುಕೂಲವಾದ ಸಂಖ್ಯೆ. ಸಾವಿರ ಮಂದಿಯ ೧೯೬ ಪಂಕ್ತಿಗಳಾಗಿಯೂ ೪೯೦ ಮಂದಿಯ ೪೦೦ ಪಂಕ್ತಿಗಳಾಗಿಯೂ ಒಬ್ಬರೂ ಹೊರಗುಳಿಯದಂತೆ ಕುಳ್ಳಿರಿಸಬಹುದು.

ಆದರೆ ಇದು ಯಾವುದರಿಂದ ಭಾಗವಾಗುವುದಿಲ್ಲವೆಂಬುದು ಇತಿಹಾಸಕ್ಕೆ ಹೆಚ್ಚು ಮುಖ್ಯ. ಅಂಕಿಗಳ ಮೊತ್ತ ೧೬ ಆದುದರಿಂದ ೩ರಿಂದ ಭಾಗವಾಗದು, ಆ ಕಾರಣ ೬ರಿಂದಲೂ ಭಾಗವಾಗದು. ಷಟ್‌ಸ್ಥಲಗಳಿಗೆ ಸಮನಾಗಿ ಹಂಚಿದರೆ ೪ ಉಳಿಯುತ್ತದೆ. ಪುರಾತನರ ೬೩ರಿಂದ ಭಾಗಿಸಿದರೆ ೭, ಅಮರಗಣಂಗಳ ೭೭೦ರಿಂದ ಭಾಗಿಸಿದರೆ ೪೨೦ ಶೇಷ ಬರುತ್ತದೆ. ನಮ್ಮ ಸಿದ್ಧಾಂತದ ಸಂಖ್ಯೆಗಳು ಈ ಬಗೆಯವಲ್ಲ. ಆರು ಸ್ಥಲಗಳು ಒಂದೊಂದರಲ್ಲಿ ಮತ್ತೆ ಆರಾಗಿ ಮೂವತ್ತಾರು, ಅವು ಮತ್ತೆ ಆರಾಗಿ ಇನ್ನೂರ ಹದಿನಾರು. ಇವು ಗುಣಿಸಿ ಪಡೆದ ಸಂಖ್ಯೆಗಳು. ಅಂಗಸ್ಥಲ ನಲವತ್ತನಾಲ್ಕು, ಲಿಂಗಸ್ಥಲ ಐವತ್ತೇಳು, ಒಟ್ಟು ನೂರೊಂದು. ಇದು ಕೂಡಿಸಿ ಪಡೆದ ಸಂಖ್ಯೆ. ಇವುಗಳ ಹುಟ್ಟು ಇವುಗಳ ರಚನೆಯಲ್ಲಿಯೇ ಕಾಣುತ್ತದೆ. ಲಕ್ಷದ ತೊಂಬತ್ತಾರು ಸಾವಿರದಲ್ಲಿ ಸಿದ್ಧಾಂತದ ಅಂಥ ಗುರುತು ಯಾವುದೂ ಇಲ್ಲ. ೧೯೬ ಎಂಬುದು ೧೪ರ ವರ್ಗವೆಂದ ಮಾತ್ರಕ್ಕೆ ಹದಿನಾಲ್ಕು ಲೋಕಗಳನ್ನು ಅದರೊಳಗೆ ತುರುಕುವುದು ಗಣಿತವೂ ಅಲ್ಲ, ಸಿದ್ಧಾಂತವೂ ಅಲ್ಲ.

ಮಹಾವೀರನ ಹಾರಗಳ ವಿಷಯ ಬಂದುದರಿಂದ ಇನ್ನೊಂದು ಗುಣವನ್ನು ಇಲ್ಲಿ ಹೇಳಬೇಕು. ಯಾವುದೇ ಸಂಖ್ಯೆಗೆ ಅದನ್ನೇ ತಿರುಗಿಸಿ ಬರೆದು ಕೂಡಿಸುತ್ತ ಹೋದರೆ ಸಾಮಾನ್ಯವಾಗಿ ಕೆಲವೇ ಹೆಜ್ಜೆಗಳಲ್ಲಿ ಗತಪ್ರತ್ಯಾಗತ ಸಂಖ್ಯೆ ದೊರೆಯುತ್ತದೆ. ೧೯೫ಕ್ಕೆ ೫೯೧ನ್ನು ಕೂಡಿಸಿದರೆ ೭೮೬, ಅದಕ್ಕೆ ೬೮೭ನ್ನು ಕೂಡಿಸಿದರೆ ೧೪೭೩, ಹೀಗೆ ೫೨೧೪ನ್ನು ದಾಟಿ ನಾಲ್ಕನೆಯ ಹೆಜ್ಜೆಗೆ ೯೩೩೯. ೧೯೭ ಏಳನೆಯ ಹೆಜ್ಜೆಗೆ ೮೮೧೧೮೮ ಆಗುತ್ತದೆ. ಇವೆರಡರ ನಡುವಿನ ೧೯೬ ಮಾತ್ರ ಹಟ ಹಿಡಿದು ಕುಳಿತಿದೆ. ೮೮೭, ೧೬೭೫, ೭೪೩೬, ೧೩೭೮೩ ಎಂದು ಬೆಳೆಯುತ್ತಲೇ ಹೋಗುತ್ತದೆ, ಹಾರವಾಗುವುದಿಲ್ಲ. ಅಮೆರಿಕೆಯ ಜಾನ್ ವಾಕರ್ ಎಂಬವರು ೧೯೮೭ರಲ್ಲಿ ಈ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿದರು. ೧೯೯೦ರ ಹೊತ್ತಿಗೆ ೨೪,೧೫,೮೩೬ ಹೆಜ್ಜೆಗಳಾಗಿ ಸಂಖ್ಯೆ ಹತ್ತು ಲಕ್ಷ ಅಂಕಿಗಳಷ್ಟು ಉದ್ದವಾಗಿದ್ದಿತು. ಹಾರ ಆಗಲೂ ದೊರೆತಿರಲಿಲ್ಲ. ಅನಂತರ ಬೇರೆಯವರು ಇನ್ನೂ ಬಹುದೂರ ಸಾಗಿದ್ದಾರೆ. ಎಂದಿಗೂ ದೊರೆಯಲಾರದೆಂಬುದನ್ನು ಸಾಧಿಸಿ ತೋರಿಸಿದವರೂ ಇಲ್ಲ. ಈ ಸ್ವಭಾವದ ಸಂಖ್ಯೆಗಳಲ್ಲಿ ೧೯೬ ಅತಿ ಚಿಕ್ಕದೆಂದು ಗಣಿತಜ್ಞರು ಎಣಿಸುತ್ತಾರೆ.

ಈಗ ೧೯೬ರ ಬಲಕ್ಕೆ ಮೂರು ಶೂನ್ಯಗಳನ್ನಿಟ್ಟು ನಮ್ಮ ಸಂಖ್ಯೆಯನ್ನು ಮಾಡೋಣ. ೧೯೬೦೦೦ವನ್ನು ತಿರುಗಿಸಿದರೆ ೦೦೦೬೯೧. ಎರಡನ್ನೂ ಕೂಡಿಸಿದರೆ ೧೯೬೬೯೧. ಎಡದಿಂದಲೂ ಬಲದಿಂದಲೂ ಒಂದೇ. ಲಕ್ಷಾಂತರ ಹೆಜ್ಜೆಗಳಲ್ಲಿ ಯಂತ್ರಕ್ಕೆ ದೊರೆಯದ ಹಾರ ಇಲ್ಲಿ ಒಂದೇ ಹೆಜ್ಜೆಗೆ ಕೈಗೆ ಬಂದಿತು. ಶೂನ್ಯವನ್ನು ಸಂಪಾದನೆಯೆಂದು ಬಗೆದ ಪರಂಪರೆಯವರಿಗೆ ಇದು ಪುಳಕವನ್ನುಂಟುಮಾಡಬಹುದು. ಆದರೆ ಇಲ್ಲಿಯೇ ವಿವೇಕ ಬೇಕು. ಈ ಗುಣ ಮೂರು ಶೂನ್ಯಗಳದೇ ಹೊರತು ೧೯೬ರದಲ್ಲ. ಶೂನ್ಯದಿಂದ ಕೊನೆಗೊಳ್ಳದ ಯಾವುದೇ ಮೂರಂಕಿಯ ಸಂಖ್ಯೆಯ ಬಲಕ್ಕೆ ಮೂರು ಶೂನ್ಯಗಳನ್ನಿಟ್ಟರೂ ಹೀಗೆಯೇ ಆಗುತ್ತದೆ. ೧೯೫೦೦೦ವೂ ೧೯೫೫೯೧ ಎಂಬ ಹಾರವೇ ಆಗುತ್ತದೆ. ಇದನ್ನು ಕಂಡು ಸಂತೋಷಪಡೋಣ, ಮಕ್ಕಳಿಗೆ ಕಲಿಸೋಣ. ಪವಾಡವೆಂದು ಮಾತ್ರ ಸಾರದಿರೋಣ.

೫

ಇನ್ನು ದಾಸೋಹದ ಲೆಕ್ಕ. ಒಬ್ಬರಿಗೆ ದಿನಕ್ಕೆ ಅರ್ಧ ಕಿಲೋ ಧಾನ್ಯವೆಂದು ಹಿಡಿದರೆ ೧,೯೬,೦೦೦ ಮಂದಿಗೆ ೯೮,೦೦೦ ಕಿಲೋ, ಎಂದರೆ ೯೮೦ ಕ್ವಿಂಟಲ್ ಬೇಕು. ಒಂದು ಬಂಡಿಗೆ ಹತ್ತು ಕ್ವಿಂಟಲಿನಂತೆ ಹೇರಿದರೆ ದಿನಕ್ಕೆ ೯೮ ಬಂಡಿ, ವರ್ಷಕ್ಕೆ ೩೫,೭೭೦ ಬಂಡಿ. ತಲೆಗೆ ಅರ್ಧ ಮೀಟರಿನಂತೆ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದರೆ ಪಂಕ್ತಿಯ ಉದ್ದ ೯೮ ಕಿಲೋಮೀಟರು. ೨೦೧೧ರ ಜನಗಣತಿಯಲ್ಲಿ ಗದಗ-ಬೆಟಗೇರಿ ನಗರದ ಜನಸಂಖ್ಯೆ ಸುಮಾರು ೧ ಲಕ್ಷ ೭೨ ಸಾವಿರ. ಅಷ್ಟು ಜನರನ್ನೂ ಮೀರಿದ ಸಮುದಾಯಕ್ಕೆ ಒಂದೇ ಮನೆಯಲ್ಲಿ ಪ್ರತಿದಿನ ಎಡೆಮಾಡುವುದು ಹನ್ನೆರಡನೆಯ ಶತಮಾನದ ಸಾರಿಗೆ ಸಾಧನಗಳಿಂದ ಆಗುವ ಕಾರ್ಯವಲ್ಲ. ಆದುದರಿಂದ ಇದು ಎಣಿಸಿದ ಸಂಖ್ಯೆಯಲ್ಲವೆಂದು ನಿಸ್ಸಂಕೋಚವಾಗಿ ಒಪ್ಪಬೇಕು.

ಹೀಗೆ ಒಪ್ಪುವುದರಿಂದ ಬಸವಣ್ಣನವರ ಮಹಿಮೆಗೆ ಕುಂದುಂಟಾಗುವುದೆಂದು ಅಂಜಬೇಕಾದುದಿಲ್ಲ. ಪರಂಪರೆ ಅವರನ್ನು ಕರಣಿಕರೆಂದೂ ಭಂಡಾರಿಗಳೆಂದೂ ಚಿತ್ರಿಸಿದೆ. ಭಂಡಾರದ ಹಣವನ್ನು ಜಂಗಮರಿಗೆ ವ್ಯಯಮಾಡುತ್ತಾರೆಂದು ದೂರು ಬಂದಾಗ ಬಿಜ್ಜಳನು ಲೆಕ್ಕ ತೆಗೆಸಿದನೆಂದೂ ಒಂದು ಹಣವೂ ಕಡಿಮೆ ಬೀಳಲಿಲ್ಲವೆಂದೂ ಪುರಾಣಗಳೇ ಹೇಳುತ್ತವೆ. ಒಂದೇ ಪುರಾಣಪರಂಪರೆ ಒಂದು ಕಡೆ ಲಕ್ಷದ ತೊಂಬತ್ತಾರು ಸಾವಿರವೆಂದು ಮುಕ್ತಕಂಠದಿಂದ ಹಾಡುತ್ತದೆ, ಇನ್ನೊಂದು ಕಡೆ ಹಣಹಣದ ಲೆಕ್ಕ ಒಪ್ಪಿಸುತ್ತದೆ. ಎರಡು ಬಗೆಯ ಸಂಖ್ಯೆಗಳ ಭೇದವನ್ನು ಅದು ಚೆನ್ನಾಗಿ ಬಲ್ಲದು. ಆ ಭೇದವನ್ನು ಮರೆತವರು ನಾವು.

ಹಾಗಾದರೆ ಲಕ್ಷದ ತೊಂಬತ್ತಾರು ಸಾವಿರವೆಂಬುದು ಏನು? ಐನೂರ್ವರು, ಸಾಸಿರ್ವರು ಎಂಬಂತೆ ಇದೂ ಒಂದು ಸಮುದಾಯದ ನಾಮಧೇಯವೆಂದು ತಿಳಿಯುವುದೇ ಯುಕ್ತ. ಒಂದು ವ್ಯತ್ಯಾಸವನ್ನು ಗಮನಿಸಬೇಕು. ಐನೂರ್ವರ ಸಂಘ ವರ್ತಕರದು, ಸಾಸಿರ್ವರ ಸಭೆ ಅಗ್ರಹಾರದ ಮಹಾಜನರದು. ಅವುಗಳಿಗೆ ಒಂದೊಂದು ಎಲ್ಲೆಯಿದ್ದಿತು. ಮಾದಾರ, ಅಂಬಿಗ, ಮಡಿವಾಳ, ಮೇದಾರ, ಸುಂಕದವ ಎನ್ನದೆ ಕಾಯಕಜೀವಿಗಳೆಲ್ಲರನ್ನೂ ಒಳಗೊಂಡ ಗಣಸಮೂಹಕ್ಕೆ ಹೆಸರಿಡಬೇಕಾದಾಗ ನೂರು ಸಾವಿರಗಳು ಸಾಲದೆ ಹೋದವು. ಹನ್ನೆರಡು ಸಾವಿರದ ಬನವಾಸಿ, ತೊಂಬತ್ತಾರು ಸಾವಿರದ ಗಂಗವಾಡಿ ಎಂಬ ನಾಡುಗಳ ಹೆಸರುಗಳನ್ನು ಕೇಳಿ ಬೆಳೆದ ಜನ, ಅರಸರ ನಾಡುಗಳಿಗಿಂತ ದೊಡ್ಡದಾದ ಸಂಖ್ಯೆಯನ್ನು ಶರಣರ ನಾಡಿಗೆ ಇಟ್ಟರೆಂದು ಭಾವಿಸಿದರೆ ತಪ್ಪಾಗಲಾರದು. ಗಂಗವಾಡಿಯ ೯೬,೦೦೦ಕ್ಕೆ ಲಕ್ಷ ಸೇರಿಸಿದರೆ ಈ ಸಂಖ್ಯೆಯೇ ಬರುತ್ತದೆಂಬುದು ನಿಜ. ಆದರೆ ಮೊತ್ತ ಸರಿಹೊಂದಿತೆಂಬುದು ಚರಿತ್ರೆಗೆ ಆಧಾರವಾಗಲಾರದು. ಆದುದರಿಂದ ಅದನ್ನು ಇಲ್ಲಿ ವಾದಕ್ಕೆ ಬಳಸಿಲ್ಲ.

ಪೂಜ್ಯವಾದ ಗ್ರಂಥದ ಒಂದು ಅಂಕಿಯನ್ನು ಪ್ರಶ್ನಿಸಿದರೆ ಗ್ರಂಥಕ್ಕೇ ಅವಮಾನವೆಂದು ಭಾವಿಸುವವರು ಮಹಾವೀರಾಚಾರ್ಯನ ಉದಾಹರಣೆಯನ್ನು ನೆನೆಯಬೇಕು. ಸಂಖ್ಯೆಯೊಂದನ್ನು ಶೂನ್ಯದಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂದು ಅವನು ಬರೆದನು. ೧೧೫೦ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದ ಭಾಸ್ಕರಾಚಾರ್ಯನು ಅದನ್ನು ಒಪ್ಪದೆ, ಅಂಥ ರಾಶಿ ಅನಂತವೆಂದನು. ಇಂದಿನ ಗಣಿತವು ಆ ಭಾಗಾಕಾರಕ್ಕೆ ಅರ್ಥವೇ ಇಲ್ಲವೆನ್ನುತ್ತದೆ. ಇಷ್ಟಾದರೂ ಮಹಾವೀರನ ಹಾರಗಳಲ್ಲಿ ಒಂದು ಮಣಿಯೂ ಉದುರಿಲ್ಲ. ತಿದ್ದುವುದರಿಂದ ಶಾಸ್ತ್ರ ಬೆಳೆಯಿತು, ಆಚಾರ್ಯನ ಗೌರವವೂ ಉಳಿಯಿತು.

ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ೧೩೬೯ರ ಭೀಮಕವಿಯ ಕನ್ನಡ ಬಸವಪುರಾಣ, ೧೫೮೪ರ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ, ಶೂನ್ಯಸಂಪಾದನೆಯ ಆವೃತ್ತಿಗಳು, ಇವುಗಳಲ್ಲಿ ಗಣಂಗಳ ಸಂಖ್ಯೆ ಎಲ್ಲೆಲ್ಲಿ, ಯಾವ ಸಂದರ್ಭದಲ್ಲಿ, ಎಷ್ಟೆಂದು ಬರುತ್ತದೆಂಬುದನ್ನು ಕಾಲಾನುಕ್ರಮದಲ್ಲಿ ಪಟ್ಟಿಮಾಡುವ ಕೆಲಸವನ್ನು ತರುಣ ಅಭ್ಯಾಸಿಗಳು ಕೈಗೊಳ್ಳಬೇಕು. ಹನ್ನೆರಡು ಸಾವಿರ, ಏಳುನೂರ ಎಪ್ಪತ್ತು, ಲಕ್ಷದ ತೊಂಬತ್ತಾರು ಸಾವಿರ ಎಂಬ ಸಂಖ್ಯೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು, ಅದೇ ಕಾಲದ ಶಾಸನಗಳ ಸಂಖ್ಯೆಗಳೊಡನೆ ಹೋಲಿಸಿದರೆ ನಮ್ಮ ಪರಂಪರೆ ತನ್ನನ್ನು ತಾನು ಹೇಗೆ ಎಣಿಸಿಕೊಂಡಿತೆಂಬುದು ತಿಳಿದುಬಂದೀತು. ಅಲ್ಲಿಯವರೆಗೆ ಪ್ರವಚನಪೀಠದಿಂದ ಈ ಸಂಖ್ಯೆಯನ್ನು ಹೇಳುವವರು ಅದನ್ನು ಹೆಸರಾಗಿ ಹೇಳಲಿ. ಶಾಲೆಯಲ್ಲಿ ಅದನ್ನು ಕಲಿಸುವವರು ಮೊದಲು ಭಾಗಿಸಿ ತೋರಿಸಲಿ, ಅನಂತರ ಅರ್ಥ ಹೇಳಲಿ.